ಮಕ್ಕಳೇ ಹಿಡಿದ ಹಾದಿ: ಮನೆಯಲ್ಲೀಗ ಮಂಗೋಲಿಯಾ, ಮುಂದೆ ಹೇಗೆ?

ಮುಂಜಾವು

ಎಲ್ಲರಿಗೂ ನಮಸ್ಕಾರ. ಮಗಳಿಗೆ ಏಳು, ಮಗನಿಗೆ ನಾಲ್ಕು. ಇಬ್ಬರೂ ಮನೆಯಲ್ಲೇ ಕಲಿಯುತ್ತಾರೆ. ಪ್ರಾಣಿಗಳ ಪುಸ್ತಕದಲ್ಲಿ ಎರಡು ಡುಬ್ಬದ ಒಂಟೆ ನೋಡುತ್ತಾ ಕೂತಿದ್ದರು. ಒಂಟೆಯ ಹಿಂದೆ ಬಿಳಿಯ ದುಂಡು ಮನೆಯೊಂದಿತ್ತು. "ಈ ಮನೆಗೆ ಮೂಲೆಯೇ ಇಲ್ಲ, ಯಾಕಮ್ಮ?" ಅಂತ ಮಗಳು. "ಒಳಗೆ ಯಾರಿದಾರೆ?" ಅಂತ ಮಗ. ಅಲ್ಲಿಂದ ಮನೆಯಲ್ಲಿ ಮಂಗೋಲಿಯಾ ಬಿಟ್ಟು ಬೇರೆ ಮಾತಿಲ್ಲ.

ಬರೆದಿಟ್ಟಿದ್ದ ಪಾಠಗಳನ್ನು ಪಕ್ಕಕ್ಕಿಟ್ಟಿದ್ದೇನೆ, ಅದಕ್ಕೆ ಬೇಸರವೇನಿಲ್ಲ. ನನ್ನ ಚಿಂತೆ ಬೇರೆ. ಬಾವುಟಕ್ಕೆ ಬಣ್ಣ ತುಂಬಿಸಿ, ರಾಜಧಾನಿಯ ಹೆಸರು ಬಾಯಿಪಾಠ ಮಾಡಿಸಿ, ವಿಡಿಯೊ ತೋರಿಸಿ ಮುಗಿಸಿಬಿಡಬಹುದು. ಅಷ್ಟಕ್ಕೇ ಮಕ್ಕಳು ಆ ಜನರನ್ನು ತಿಳಿದಂತೆ ಆಗುತ್ತದೆಯೇ? ಯೋಜನೆಯಿಲ್ಲದೆ ಶುರುವಾದದ್ದನ್ನು ಎರಡು ವಯಸ್ಸಿನ ಮಕ್ಕಳ ಜೊತೆ ಆಳಕ್ಕೆ ಒಯ್ಯುವುದು ಹೇಗೆ? ಗೊತ್ತಿದ್ದವರು ದಯವಿಟ್ಟು ಹೇಳಿ.

ಹಳೆಮೇಷ್ಟ್ರು

ಮಗಳ ಪ್ರಶ್ನೆಯನ್ನು ಬಿಡಬೇಡಮ್ಮ. "ಯಾಕೆ" ಅಂತ ಕೇಳಿದ್ದಾಳೆ. ಬಾವುಟ, ರಾಜಧಾನಿ ಎಲ್ಲ "ಏನು" ಅನ್ನುವುದಕ್ಕೆ ಉತ್ತರ. ಬೇರೆ ಜನರ ಬದುಕು ಮಗುವಿಗೆ ವಿಚಿತ್ರವಾಗಿ ಕಾಣುವುದು ಅದರ ಹಿಂದಿನ ಕಾರಣ ಕಾಣದಿದ್ದಾಗ. ಕಾರಣ ತಿಳಿದ ಮೇಲೆ "ನಾನಿದ್ದರೂ ಹೀಗೇ ಮಾಡುತ್ತಿದ್ದೆ" ಅನ್ನಿಸುತ್ತದೆ. ಆ ಅನಿಸಿಕೆ ಬಂದರೆ ಸಾಕು, ಉಳಿದದ್ದು ತಾನಾಗಿ ಬರುತ್ತದೆ.

ಆ ಮನೆಗೆ ಗೆರ್ ಎನ್ನುತ್ತಾರೆ. ಯಾಕೆ ದುಂಡಗಿದೆ ಅಂತ ನೀನೇ ಹೇಳಿಬಿಡಬೇಡ. ಕಾಗದದಲ್ಲಿ ಒಂದು ಚೌಕದ ಮನೆ, ಒಂದು ದುಂಡು ಮನೆ ಮಾಡಿಸಿ ಫ್ಯಾನಿನ ಮುಂದಿಡು. ಯಾವುದು ಬೇಗ ಸರಿಯುತ್ತದೆ, ಯಾವುದು ಮಗುಚುತ್ತದೆ ಅಂತ ಚಿಕ್ಕವನೂ ಹೇಳುತ್ತಾನೆ. ಮರಗಳ ಆಸರೆಯಿಲ್ಲದ ಬಯಲಿನಲ್ಲಿ ಗಾಳಿ ಯಾವ ದಿಕ್ಕಿನಿಂದ ಬಂದರೂ ದುಂಡು ಗೋಡೆಯನ್ನು ಬಳಸಿಕೊಂಡು ಹೋಗುತ್ತದೆ.

ದೊಡ್ಡವಳಿಗೆ ಇನ್ನೊಂದು. 40 ಸೆಂಟಿಮೀಟರ್ ದಾರದ ತುದಿಗಳನ್ನು ಸೇರಿಸಿ ಕುಣಿಕೆ ಮಾಡಿ ಕೊಡು. ಮೊದಲು ಚೌಕ ಮಾಡಲಿ, ಒಳಗೆ ಕಾಳು ತುಂಬಿ ಎಣಿಸಲಿ. ಆಮೇಲೆ ಅದೇ ದಾರದಲ್ಲಿ ವೃತ್ತ ಮಾಡಿ ತುಂಬಲಿ. ಚೌಕದ ಒಳಗೆ 100 ಚದರ ಸೆಂಟಿಮೀಟರ್ ಜಾಗ, ವೃತ್ತದ ಒಳಗೆ ಸುಮಾರು 127. ಗೋಡೆ ಅಷ್ಟೇ ಉದ್ದ, ಒಳಗೆ ಜಾಗ ಮಾತ್ರ ಹೆಚ್ಚು. ಚಳಿಗಾಲದಲ್ಲಿ ಸೊನ್ನೆಗಿಂತ 30 ಡಿಗ್ರಿ ಕೆಳಗಿಳಿಯುವ ನಾಡಿನಲ್ಲಿ, ಹೊದಿಸುವ ಗೋಡೆ ಕಡಿಮೆಯಾದಷ್ಟೂ ಒಳಗಿನ ಬಿಸಿ ಹೊರಹೋಗುವುದು ಕಡಿಮೆ. ಸೂತ್ರ ಕಲಿಯಲು ಇನ್ನೂ ವರ್ಷಗಳಿವೆ. ಕಾಳೇ ಸಾಕು ಈಗ.

ಉಣ್ಣೆದಾರ

ಮೇಷ್ಟ್ರ ಮಾತಿಗೆ ಕೈಗೆಲಸವೊಂದನ್ನು ಸೇರಿಸುತ್ತೇನೆ, ಅಕ್ಕ. ಆ ಮನೆಯ ಬಿಳಿ ಹೊದಿಕೆ ನೇಯ್ದದ್ದಲ್ಲ. ಅದು ಕುರಿಯ ಉಣ್ಣೆಯ ಫೆಲ್ಟ್. ಅಲ್ಲಿನ ಕುರಿಗಾಹಿ ಕುಟುಂಬಗಳು ಉಣ್ಣೆಯನ್ನು ಪದರಪದರವಾಗಿ ಹರಡಿ, ನೀರು ಚಿಮುಕಿಸಿ, ಬಿಗಿಯಾಗಿ ಸುತ್ತಿ, ಆ ಸುರುಳಿಯನ್ನು ಕುದುರೆಯ ಹಿಂದೆ ಕಟ್ಟಿ ಬಯಲಿನಲ್ಲಿ ಎಳೆಸುತ್ತವೆ. ಉರುಳಿ ಉರುಳಿ ಉಣ್ಣೆಯ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ದಪ್ಪ ಹಾಳೆಯಾಗುತ್ತವೆ. ಮಗ್ಗ ಬೇಡ, ಸೂಜಿ ಬೇಡ. ಊರೂರು ತಿರುಗುವವರಿಗೆ ಮಗ್ಗ ಹೊತ್ತುಕೊಂಡು ಹೋಗುವುದು ಕಷ್ಟ ಅನ್ನುವುದನ್ನು ಮಕ್ಕಳು ಬೇಗ ಹಿಡಿಯುತ್ತಾರೆ.

ಮನೆಯಲ್ಲಿ ಮಾಡಿ ನೋಡಿ. ಹಿಂಜಿದ ಉಣ್ಣೆಯ ಒಂದು ಹಿಡಿ, ಉಗುರುಬೆಚ್ಚಗಿನ ನೀರು, ಸ್ವಲ್ಪ ಸೋಪು. ಅಂಗೈಯಲ್ಲಿ ಮೊದಲು ಮೆಲ್ಲಗೆ ಉರುಳಿಸಬೇಕು. ಬಿಗಿಯಾಗುತ್ತಾ ಬಂದಂತೆ ಒತ್ತಡ ಹೆಚ್ಚಿಸಬೇಕು. ಒಂದಷ್ಟು ಹೊತ್ತಿಗೆ ಗಟ್ಟಿ ಉಂಡೆಯಾಗುತ್ತದೆ. ಉಣ್ಣೆಯ ಎಳೆಯ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಹುರುಪೆಗಳಿರುತ್ತವೆ. ನೀರು, ಸೋಪು, ಉಜ್ಜುವಿಕೆ ಸೇರಿದಾಗ ಅವು ಒಂದನ್ನೊಂದು ಹಿಡಿದುಕೊಂಡು ಮತ್ತೆ ಬಿಡುವುದಿಲ್ಲ. ಅಕ್ರಿಲಿಕ್ ನೂಲಿನಲ್ಲಿ ಇದು ಆಗುವುದಿಲ್ಲ. ಮಷಿನ್‌ನಲ್ಲಿ ಒಗೆಯಬಹುದು ಅಂತ ಬರೆದ ಉಣ್ಣೆಯೂ ಬೇಡ, ಅದರ ಹುರುಪೆಗಳನ್ನು ಮೊದಲೇ ಸವೆಸಿರುತ್ತಾರೆ ಅಥವಾ ಮುಚ್ಚಿರುತ್ತಾರೆ.

ನಾಲ್ಕರ ಮಗುವಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ತೋಚುವುದಿಲ್ಲ. ಗೋಡೆ ಎಲ್ಲಿಂದ ಬಂತು ಅನ್ನುವುದು ಅವನ ಕೈಗೇ ಗೊತ್ತಾಗುತ್ತದೆ.

ತುಂಬುಚಂದಿರ

ಎಲ್ಲವೂ ಚೆನ್ನಾಗಿದೆ. ಒಂದು ಮಾತು ಮಾತ್ರ ಖಂಡಿತವಾಗಿ ಹೇಳಬೇಕು. ಈಗಿನ ಮಂಗೋಲಿಯಾವನ್ನು ಮೊದಲ ದಿನದಿಂದಲೇ ತೋರಿಸಿ. ಇಲ್ಲದಿದ್ದರೆ ಅಲ್ಲಿಯವರೆಲ್ಲ ಕುದುರೆ ಮೇಲೇ ಹುಟ್ಟಿ ಡೇರೆಯಲ್ಲೇ ಬದುಕುವವರು ಎಂಬ ಚಿತ್ರ ಮಕ್ಕಳ ಮನಸ್ಸಿನಲ್ಲಿ ಕೂತುಬಿಡುತ್ತದೆ. ಒಮ್ಮೆ ಕೂತರೆ ಆ ಚಿತ್ರವನ್ನು ಅಳಿಸುವುದು ಬಹಳ ಕಷ್ಟ.

ಆ ದೇಶದ ಜನಸಂಖ್ಯೆ ಸುಮಾರು 35 ಲಕ್ಷ. ಅದರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ರಾಜಧಾನಿ ಉಲಾನ್‌ಬಾತರ್ ಒಂದೇ ನಗರದಲ್ಲಿದ್ದಾರೆ. ಅಲ್ಲಿ ಬಹುಮಹಡಿ ಕಟ್ಟಡಗಳಿವೆ, ಟ್ರಾಫಿಕ್ ಜಾಮ್ ಇದೆ. ನಗರದ ಅಂಚಿನ ಗುಡ್ಡಗಳಲ್ಲಿ ಗೆರ್‌ಗಳದ್ದೇ ದೊಡ್ಡ ಬಡಾವಣೆಗಳಿವೆ. ಆ ಮನೆಗಳ ಒಲೆಯ ಹೊಗೆ ಚಳಿಗಾಲದಲ್ಲಿ ನಗರವನ್ನು ಮುಚ್ಚಿಬಿಡುತ್ತಿತ್ತು. 2019ರಲ್ಲಿ ರಾಜಧಾನಿಯಲ್ಲಿ ಸಂಸ್ಕರಿಸದ ಕಲ್ಲಿದ್ದಲು ಉರಿಸುವುದನ್ನು ನಿಷೇಧಿಸಿದರು. ಬಯಲಿನಲ್ಲಿ ದನಕುರಿ ಮೇಯಿಸುವ ಕುಟುಂಬಗಳ ಗೆರ್ ಪಕ್ಕದಲ್ಲೂ ಸೋಲಾರ್ ಪ್ಯಾನೆಲ್, ಡಿಶ್, ಮೋಟಾರ್‌ಸೈಕಲ್ ಕಾಣುತ್ತವೆ. ಒಂದು ಲಕ್ಷ ಗೆರ್‌ಗಳಿಗೆ ಸೌರವಿದ್ಯುತ್ ಅಂತ ಸರ್ಕಾರವೇ ಯೋಜನೆ ಹಾಕಿಕೊಂಡು ನಡೆಸಿತು.

ಕುರಿಗಾಹಿಗಳ ಮಕ್ಕಳಲ್ಲಿ ಬಹಳಷ್ಟು ಮಂದಿ ಶಾಲೆಯ ದಿನಗಳಲ್ಲಿ ಮನೆಯಿಂದ ದೂರ, ಹಾಸ್ಟೆಲ್‌ನಲ್ಲಿದ್ದು ಓದುತ್ತಾರೆ. ರಜೆಗೆ ಮನೆಗೆ ಬರುತ್ತಾರೆ. ಮನೆಯಲ್ಲೇ ಕಲಿಯುವ ನಿಮ್ಮ ಮಕ್ಕಳಿಗೆ ಇದನ್ನು ಹೇಳಿ. ಅವರು ಕೇಳುವ ಪ್ರಶ್ನೆಗಳು ಬಾವುಟದ ಬಣ್ಣಕ್ಕಿಂತ ದೂರ ಹೋಗುತ್ತವೆ.

ಹಾಗೆಯೇ ಅವರ ಉಡುಪು ಹಾಕಿಸಿ ಫೋಟೊ ತೆಗೆಯುವ ಕಾರ್ಯಕ್ರಮ ಬೇಡ ಅನ್ನುವುದು ನನ್ನ ಅಭಿಪ್ರಾಯ. ದೀಲ್ ಎಂಬ ಆ ಉದ್ದನೆಯ ಅಂಗಿಯನ್ನು ಸೊಂಟಕ್ಕೆ ಬಿಗಿದು ಕಟ್ಟುವುದು ಯಾಕೆ, ಕುದುರೆ ಸವಾರನ ಬೆನ್ನಿಗೆ ಅದರಿಂದೇನು ಅನುಕೂಲ, ತೋಳು ಕೈಬೆರಳು ಮುಚ್ಚುವಷ್ಟು ಉದ್ದವಿರುವುದು ಯಾಕೆ ಅಂತ ಯೋಚಿಸಿದ ಮೇಲೆ ಮಗುವೇ ಹೊದಿಕೆ ಸುತ್ತಿಕೊಂಡು ಆಡಿದರೆ ಅದು ಬೇರೆ ಮಾತು.

ಮುಂಜಾವು

ಮೇಷ್ಟ್ರೇ, ಕಾಳಿನ ಲೆಕ್ಕ ಮಾಡಿದೆವು. ಮಗಳು ದಾರವನ್ನು ತ್ರಿಕೋನ ಮಾಡಿಯೂ ತುಂಬಿದಳು, ಅದರಲ್ಲೇ ಎಲ್ಲಕ್ಕಿಂತ ಕಡಿಮೆ ಕಾಳು ಹಿಡಿದದ್ದು. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ತುಂಬುಚಂದಿರ ಅವರೇ, ಹಾಸ್ಟೆಲ್ ವಿಷಯ ಕೇಳಿ ಇಬ್ಬರೂ ಸುಮ್ಮನಾದರು. ಆಮೇಲೆ "ಅವರ ಅಮ್ಮ ದೂರದಲ್ಲಿದ್ದರೆ ರಾತ್ರಿ ಕತೆ ಯಾರು ಹೇಳುತ್ತಾರೆ?" ಅಂತ ಮಗ. ಅಲ್ಲಿ ಆಡುವ ಆಟಗಳೇನಾದರೂ ಯಾರಿಗಾದರೂ ಗೊತ್ತಿದೆಯೇ? ಚಿಕ್ಕವನಿಗೆ ಆಟವೇ ಬೇಕು.

ಗಣಿತದಪ್ಪ

ಗೊತ್ತಿದೆ, ನಮ್ಮ ಮನೆಯಲ್ಲಿ ಬಹಳ ಪ್ರೀತಿಯ ಆಟ. ಶಗಾಯ್ ಅಂತ ಹೆಸರು. ಕುರಿ ಅಥವಾ ಮೇಕೆಯ ಹಿಂಗಾಲಿನ ಕೀಲಿನಲ್ಲಿರುವ ಒಂದು ಸಣ್ಣ ಮೂಳೆ ಅದು. ಎಸೆದರೆ ನಾಲ್ಕು ಬಗೆಯಲ್ಲಿ ಬೀಳುತ್ತದೆ. ಒಂದೊಂದು ಬದಿಗೆ ಒಂದೊಂದು ಪ್ರಾಣಿ: ಕುದುರೆ, ಒಂಟೆ, ಕುರಿ, ಮೇಕೆ. ಕುರಿ ಮತ್ತು ಮೇಕೆ ಅಗಲದ ಬದಿಗಳು, ಕುದುರೆ ಮತ್ತು ಒಂಟೆ ಕಿರಿದಾದ ಬದಿಗಳು. ಹಾಗಾಗಿ ಕುದುರೆ ಬೀಳುವುದು ಅಪರೂಪ, ಕುರಿ ಸಾಮಾನ್ಯ.

ಕುದುರೆ ಓಟದ ಆಟ ಹೀಗೆ. ಸುಮಾರು ಮೂಳೆಗಳನ್ನು ಸಾಲಾಗಿ ಜೋಡಿಸಿದರೆ ಅದೇ ಓಟದ ದಾರಿ. ಪ್ರತಿಯೊಬ್ಬರೂ ತಮ್ಮ "ಕುದುರೆ"ಯಾಗಿ ಒಂದು ಮೂಳೆಯನ್ನು ಪಕ್ಕದಲ್ಲಿಟ್ಟುಕೊಳ್ಳುತ್ತಾರೆ. ಸರದಿಯಲ್ಲಿ ನಾಲ್ಕು ಮೂಳೆ ಎಸೆಯಬೇಕು. ಎಷ್ಟು ಕುದುರೆ ಬಿದ್ದವೋ ಅಷ್ಟು ಹೆಜ್ಜೆ ಮುಂದೆ. ಮೂಳೆ ಬೇಡವೆನಿಸಿದರೆ ಜೇಡಿಮಣ್ಣಿನಲ್ಲಿ ಮಾಡಿ ಒಣಗಿಸಿ. ಎರಡು ಬದಿ ಅಗಲ, ಎರಡು ಬದಿ ಕಿರಿದು ಇರುವ ಹಾಗೆ ಮಾಡುವುದು ಮುಖ್ಯ, ಅಂಚಿನ ಮೇಲೂ ನಿಲ್ಲುವಂತಿರಬೇಕು. ಮಗಳು ಯಾವ ಬದಿ ಎಷ್ಟು ಸಲ ಬಿತ್ತು ಅಂತ ಗೆರೆ ಹಾಕುತ್ತಾ ಹೋದರೆ ಸಂಭಾವ್ಯತೆಯ ಮೊದಲ ಪಾಠ ಅಲ್ಲೇ ಆಯಿತು. ದಾಳದ ಆರೂ ಮುಖಗಳಿಗೆ ಸಮಾನ ಅವಕಾಶ, ಇದಕ್ಕೆ ಇಲ್ಲ. ಯಾಕೆ ಇಲ್ಲ ಎಂದು ಕೇಳಿ ನೋಡಿ.

ಇದೇ ಮೂಳೆಗಳನ್ನು ಗುರಿಯಿಟ್ಟು ಹೊಡೆಯುವ ಸ್ಪರ್ಧೆಯೂ ಅಲ್ಲಿದೆ. ತಂಡಗಳಾಗಿ ದೊಡ್ಡವರೇ ಆಡುತ್ತಾರೆ. 2014ರಲ್ಲಿ ಯುನೆಸ್ಕೊದ ಪರಂಪರೆಗಳ ಪಟ್ಟಿಗೆ ಸೇರಿತು.

ದಿನಚರಿ

ನಾನು ಸ್ವಲ್ಪ ಬೇರೆ ರೀತಿ ಯೋಚಿಸುವವಳು. ಮಕ್ಕಳ ಆಸಕ್ತಿ ಹಿಡಿದು ಹೋಗುವುದು ಸರಿ, ಆದರೆ ಓದು, ಬರಹ, ಕೂಡು ಕಳೆ ದಿನವೂ ಆಗಲೇಬೇಕು ಅನ್ನುವುದು ನನ್ನ ನಂಬಿಕೆ. ಆಸಕ್ತಿ ಇಂದು ಮಂಗೋಲಿಯಾ, ನಾಳೆ ರಾಕೆಟ್. ತಳಪಾಯ ಹಾಕುವುದು ಯಾವಾಗ? ನಾಲ್ಕು ವರ್ಷದ ಮಗುವಿಗೆ ಇಷ್ಟೊಂದು ಮಾಹಿತಿ ಹೊರೆಯಾಗುವುದಿಲ್ಲವೇ? ಮುಂಜಾವು ಅವರನ್ನು ತಡೆಯುವ ಉದ್ದೇಶವಿಲ್ಲ, ನಿಜವಾದ ಕಾಳಜಿಯಿಂದ ಕೇಳುತ್ತಿದ್ದೇನೆ.

ಹಳೆಮೇಷ್ಟ್ರು

ನ್ಯಾಯವಾದ ಪ್ರಶ್ನೆ ತಾಯಿ. ಓದು ಬರಹ ತಪ್ಪಬಾರದು ಅನ್ನುವುದನ್ನು ನಾನೂ ಒಪ್ಪುತ್ತೇನೆ. ಅದಕ್ಕೆ ಬೆಳಗಿನ ಒಂದು ಸಣ್ಣ ಹೊತ್ತು ಸಾಕು. ಆ ಹೊತ್ತಿನಲ್ಲಿ ಮಗಳು ಓದುವ ನಾಲ್ಕು ಸಾಲು ಒಂಟೆಯ ಬಗ್ಗೆಯೇ ಇರಲಿ, ಕೂಡುವ ಲೆಕ್ಕ ಶಗಾಯ್ ಹೆಜ್ಜೆಗಳದ್ದೇ ಇರಲಿ. ಚಿಕ್ಕವನಿಗೆ ಹೊರೆಯಾಗುತ್ತದೆಯೇ ಅನ್ನುವುದಕ್ಕೆ ಅವನ ಪ್ರಶ್ನೆಗಳೇ ಅಳತೆಗೋಲು. ಅವನು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಬೇಕು, ಅಕ್ಕನಿಗೆ ಹೇಳುವುದನ್ನು ಅವನು ಪಕ್ಕದಲ್ಲಿ ಆಡುತ್ತಾ ಕೇಳಿಸಿಕೊಳ್ಳಲಿ. ದೊಡ್ಡವರು ಹತ್ತು ಹೆಜ್ಜೆ ಮುಂದೆ ಓದಿಕೊಂಡಿರಬೇಕು, ಅದರಲ್ಲಿ ಒಂಬತ್ತನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿರಬೇಕು.

ನಕಾಶೆ

ಯೋಜನೆಯಿಲ್ಲದೆ ಮಾಡಬಹುದಾದ ಇನ್ನೊಂದು ಕೆಲಸ, ಬಿಸಿಲಿದ್ದರೆ ಸಾಕು. ಗೆರ್‌ನ ಬಾಗಿಲು ದಕ್ಷಿಣಕ್ಕೆ. ಚಳಿಗಾಳಿ ಹೆಚ್ಚಾಗಿ ವಾಯವ್ಯದಿಂದ ಬೀಸುವ ನಾಡು, ಬಿಸಿಲು ಬರುವುದು ದಕ್ಷಿಣದಿಂದ. ನೆತ್ತಿಯ ಮೇಲೆ ತೂನೊ ಎಂಬ ಮರದ ಬಳೆ. ಛಾವಣಿಯ ಕೋಲುಗಳು ಛತ್ರಿಯ ಕಡ್ಡಿಗಳ ಹಾಗೆ ಅದರಿಂದ ಸುತ್ತಲೂ ಇಳಿಯುತ್ತವೆ. ಒಲೆಯ ಕೊಳವೆ ಹೊರಹೋಗುವುದೂ ಅಲ್ಲಿಂದಲೇ, ಬಿಸಿಲು ಒಳಬರುವುದೂ ಅಲ್ಲಿಂದಲೇ. ಒಳಬಿದ್ದ ಬಿಸಿಲು ಬೆಳಿಗ್ಗೆ ಪಶ್ಚಿಮದ ಗೋಡೆಯ ಮೇಲಿರುತ್ತದೆ, ಮಧ್ಯಾಹ್ನಕ್ಕೆ ಉತ್ತರಕ್ಕೆ ಸರಿದು, ಸಂಜೆಗೆ ಪೂರ್ವಕ್ಕೆ ಬರುತ್ತದೆ. ಬೆಳಕು ಯಾವ ಕೋಲಿನ ಮೇಲಿದೆ ಎಂದು ನೋಡಿ ಹೊತ್ತು ಹೇಳುತ್ತಿದ್ದರು. ಇಡೀ ಮನೆಯೇ ಗಡಿಯಾರ.

ನಿಮ್ಮ ಮನೆಯ ಕಿಟಕಿಯಿಂದ ಬೀಳುವ ಬಿಸಿಲಿನ ಅಂಚಿಗೆ ಗಂಟೆಗೊಮ್ಮೆ ಸೀಮೆಸುಣ್ಣದ ಗೆರೆ ಹಾಕಿಸಿ. ಮಾರನೆಯ ದಿನ ಗಡಿಯಾರ ಮುಚ್ಚಿಟ್ಟು, ಗೆರೆ ನೋಡಿ ಹೊತ್ತು ಹೇಳಲಿ.

ಅಕ್ಷರ ಬಲ್ಲ ಮಗಳಿಗೆ ಅವರ ಹಳೆಯ ಲಿಪಿಯ ಚಿತ್ರ ತೋರಿಸಿ. ಮೇಲಿನಿಂದ ಕೆಳಕ್ಕೆ ಬರೆಯುತ್ತಾರೆ, ಸಾಲುಗಳು ಎಡದಿಂದ ಬಲಕ್ಕೆ ಸಾಗುತ್ತವೆ. 13ನೇ ಶತಮಾನದ ಆರಂಭದಲ್ಲಿ ಉಯಿಗುರ್ ಲಿಪಿಯಿಂದ ಬಂದದ್ದು. 1940ರ ದಶಕದಲ್ಲಿ ಅದರ ಜಾಗಕ್ಕೆ ರಷ್ಯನ್ ಭಾಷೆ ಬರೆಯುವ ಸಿರಿಲಿಕ್ ಲಿಪಿ ಬಂತು. 2025ರ ಆರಂಭದಿಂದ ಸರ್ಕಾರಿ ಕಾಗದಪತ್ರಗಳಲ್ಲಿ ಎರಡನ್ನೂ ಬಳಸಬೇಕು ಎಂಬ ಕಾನೂನಿದೆ. ಒಂದು ಜನ ತಮ್ಮ ಅಕ್ಷರವನ್ನು ಬಿಟ್ಟುಕೊಡಬೇಕಾಗಿ ಬಂದು, ಮುಕ್ಕಾಲು ಶತಮಾನದ ಮೇಲೆ ಅದನ್ನು ಮತ್ತೆ ಕಚೇರಿಯ ಮೇಜಿಗೆ ತರುವುದು ಎಷ್ಟು ದೊಡ್ಡ ಕೆಲಸ! ಏಳು ವರ್ಷದವಳು, ಈಗಷ್ಟೇ ಬರೆಯಲು ಕಲಿತವಳು, ಇದನ್ನು ನಮಗಿಂತ ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಾಳೆ.

ಉಣ್ಣೆದಾರ

ನಾದಮ್ ಹಬ್ಬವನ್ನು ಯಾರೂ ಹೇಳಲಿಲ್ಲವಲ್ಲ. ಜುಲೈ 11ರಿಂದ 13ರವರೆಗೆ. ಕುಸ್ತಿ, ಬಿಲ್ಲುಗಾರಿಕೆ, ಕುದುರೆ ಓಟ. ಕುಸ್ತಿಯಲ್ಲಿ ತೂಕದ ವರ್ಗಗಳೇ ಇಲ್ಲ, ಸಣಕಲ ದೈತ್ಯನ ಎದುರು ಬರಬಹುದು. ಮೊಣಕೈಯೋ ಮೊಣಕಾಲೋ ನೆಲಕ್ಕೆ ತಗುಲಿದರೆ ಸೋಲು. ಸೋತವನು ಗೆದ್ದವನ ತೋಳಿನ ಅಡಿಯಿಂದ ಹಾದುಹೋಗುತ್ತಾನೆ. ಗೆದ್ದವನು ಎರಡೂ ತೋಳು ಚಾಚಿ ಹಕ್ಕಿಯಂತೆ ಕುಣಿಯುತ್ತಾನೆ. ಚಿಕ್ಕವನು ಆ ಕುಣಿತವನ್ನು ಬಿಡುವುದೇ ಇಲ್ಲ, ನೋಡಿ!

ಕುದುರೆ ಓಟದ ಸವಾರರು ಮಕ್ಕಳೇ. ಸುತ್ತು ಹಾಕುವ ಮೈದಾನವಲ್ಲ, ಬಯಲಿನಲ್ಲಿ ಹತ್ತಾರು ಕಿಲೋಮೀಟರ್. ಕುದುರೆಯ ವಯಸ್ಸಿನ ಮೇಲೆ ದೂರ ನಿರ್ಧಾರವಾಗುತ್ತದೆ.

ದಿನಚರಿ

ಮಕ್ಕಳು ಸವಾರರೇ? ಬೀಳುವುದಿಲ್ಲವೇ? ಇದನ್ನು ಮಕ್ಕಳಿಗೆ ಸಂಭ್ರಮವಾಗಿ ಹೇಳುವುದು ಸರಿಯೇ?

ತುಂಬುಚಂದಿರ

ಬೀಳುತ್ತಾರೆ, ಪೆಟ್ಟಾಗುತ್ತದೆ, ಜೀವ ಹೋದದ್ದೂ ಇದೆ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿ ಈ ಬಗ್ಗೆ ಕಳವಳ ಹೇಳಿದೆ. ಹೆಲ್ಮೆಟ್ ಮತ್ತು ರಕ್ಷಣೆಯ ಉಡುಪು ಕಡ್ಡಾಯ ಎಂಬ ನಿಯಮ ಅಲ್ಲಿದೆ. ಮಂಗೋಲಿಯಾದವರಲ್ಲೇ ಇದರ ಬಗ್ಗೆ ವಾದ ಜೋರಾಗಿದೆ. ಕೆಲವರಿಗೆ ಇದು ಮಕ್ಕಳು ಹೆಮ್ಮೆಯಿಂದ ಕಲಿಯುವ ವಿದ್ಯೆ, ಕೆಲವರಿಗೆ ಮಕ್ಕಳನ್ನು ಅಪಾಯಕ್ಕೆ ದೂಡುವ ಪದ್ಧತಿ.

ಏಳು ವರ್ಷದವಳಿಗೆ ಎರಡನ್ನೂ ಹೇಳಬಹುದು ಅನ್ನುತ್ತೇನೆ. "ಅಲ್ಲಿನ ಅಪ್ಪ ಅಮ್ಮಂದಿರಲ್ಲೇ ಒಮ್ಮತ ಇಲ್ಲ" ಅಂದಾಗ ಆ ಸಮಾಜ ಅವಳಿಗೆ ಒಂದೇ ಮುಖದ ಗುಂಪಾಗಿ ಕಾಣುವುದಿಲ್ಲ. ನಿಮಗೆ ಆ ಓಟ ಇಷ್ಟವಾಗದಿದ್ದರೆ ಇಷ್ಟವಿಲ್ಲ ಎಂದೇ ಹೇಳಿ, ಕಾರಣ ಸಮೇತ. ಗೌರವ ಅಂದರೆ ಎಲ್ಲವನ್ನೂ ಹೊಗಳುವುದು ಅಂತ ಮಕ್ಕಳು ತಿಳಿಯಬಾರದು. ನಾಲ್ಕರವನಿಗೆ ಸದ್ಯ ಹೆಲ್ಮೆಟ್ ಹಾಕಿಕೊಂಡು ಓಡಿಸುತ್ತಾರೆ ಅನ್ನುವಷ್ಟೇ ಸಾಕು.

ಗಣಿತದಪ್ಪ

ಡೈನೊಸಾರ್ ಹುಚ್ಚಿನ ಮಕ್ಕಳಿಗೆ ಒಂದು ಪಕ್ಕದ ದಾರಿ: ಗೋಬಿ ಮರುಭೂಮಿಯ ಬಯಾನ್‌ಜಾಗ್ ಎಂಬ ಕೆಂಪು ಬಂಡೆಗಳಲ್ಲಿ 1923ರಲ್ಲಿ ಡೈನೊಸಾರ್ ಮೊಟ್ಟೆಗಳ ಗೂಡು ಸಿಕ್ಕಿತು. ಪಕ್ಕದಲ್ಲೇ ಸಿಕ್ಕ ಇನ್ನೊಂದು ಡೈನೊಸಾರನ್ನು ಮೊಟ್ಟೆ ಕದಿಯಲು ಬಂದದ್ದು ಅಂದುಕೊಂಡಿದ್ದರು. 1990ರ ದಶಕದಲ್ಲಿ ಗೋಬಿಯಲ್ಲೇ ಅಂಥ ಮೊಟ್ಟೆಯೊಳಗೆ ಸಿಕ್ಕ ಭ್ರೂಣ ನೋಡಿದಾಗ ಮೊಟ್ಟೆಗಳು ಆ "ಕಳ್ಳ"ನ ಬಳಗದವೇ ಎಂದು ಗೊತ್ತಾಯಿತು. ನಮ್ಮ ಮಗ ಈ ಕತೆಯನ್ನು ಮನೆಗೆ ಬಂದವರಿಗೆಲ್ಲ ಹೇಳುತ್ತಾನೆ.

ಮುಂಜಾವು

ಎಲ್ಲರಿಗೂ ತುಂಬಾ ಧನ್ಯವಾದ. ಫೆಲ್ಟ್ ಉಂಡೆಗಳು ಒಣಗುತ್ತಿವೆ, ಶಗಾಯ್ ಆಟದಲ್ಲಿ ಮಗಳ ಗೆರೆಗಳ ಪಟ್ಟಿಯಲ್ಲಿ ಕುರಿಯೇ ಮುಂದಿದೆ. ಈಗ ಒಂದು ಕಷ್ಟದ ಜಾಗಕ್ಕೆ ಬಂದಿದ್ದೇವೆ. ಪ್ರಾಣಿಗಳು ಚಳಿಗಾಲದಲ್ಲಿ ಏನು ತಿನ್ನುತ್ತವೆ ಅಂತ ಮಗ ಕೇಳಿದ. ಹುಡುಕುತ್ತಾ ಹೋದರೆ ಜುಡ್ ಬಗ್ಗೆ ಓದಿದೆ. ಇದನ್ನು ಇಷ್ಟು ಚಿಕ್ಕವರಿಗೆ ಹೇಳಬೇಕೋ ಬೇಡವೋ? ಬಿಟ್ಟರೆ ಅರ್ಧ ಸತ್ಯ ಹೇಳಿದ ಹಾಗಾಗುತ್ತದೆ ಅನ್ನಿಸುತ್ತಿದೆ.

ನಕಾಶೆ

ಗೊತ್ತಿಲ್ಲದವರಿಗಾಗಿ: ಬೇಸಿಗೆಯಲ್ಲಿ ಮಳೆ ಕಡಿಮೆಯಾಗಿ ಹುಲ್ಲು ಸರಿಯಾಗಿ ಬೆಳೆಯದೆ, ಬೆನ್ನಿಗೇ ಕಠಿಣ ಚಳಿಗಾಲ ಬಂದರೆ ಜುಡ್. ಹಿಮ ಆಳವಾಗಿ ಬೀಳುತ್ತದೆ, ಅಥವಾ ಕರಗಿ ಮತ್ತೆ ಗಡ್ಡೆಕಟ್ಟಿ ಹುಲ್ಲಿನ ಮೇಲೆ ಮಂಜುಗಡ್ಡೆಯ ಹೊದಿಕೆಯಾಗುತ್ತದೆ. ಗೊರಸಿನಿಂದ ಕೆದಕಿದರೂ ಹುಲ್ಲು ಸಿಗುವುದಿಲ್ಲ. 2023–24ರ ಚಳಿಗಾಲದಲ್ಲಿ 70 ಲಕ್ಷಕ್ಕೂ ಹೆಚ್ಚು ಜಾನುವಾರುಗಳು ಸತ್ತವು. ಜನರಿಗಿಂತ ಹತ್ತು ಪಟ್ಟಿಗೂ ಹೆಚ್ಚು ಜಾನುವಾರುಗಳಿರುವ ದೇಶ ಅದು. ಆದರೂ ಮಂದೆ ಪೂರ್ತಿ ಕಳೆದುಕೊಂಡ ಕುಟುಂಬಕ್ಕೆ ನಗರದ ಅಂಚಿಗೆ ಹೋಗುವುದೊಂದೇ ದಾರಿಯಾಗುತ್ತದೆ. ತುಂಬುಚಂದಿರ ಅವರು ಹೇಳಿದ ಗೆರ್ ಬಡಾವಣೆಗಳು ಬೆಳೆದದ್ದಕ್ಕೆ ಇದೂ ಒಂದು ಕಾರಣ.

ತುಂಬುಚಂದಿರ

ಹೇಳಿ. ಸಂಖ್ಯೆಯಿಂದ ಶುರು ಮಾಡಬೇಡಿ, ಸತ್ತ ಪ್ರಾಣಿಗಳ ಚಿತ್ರ ಖಂಡಿತ ಬೇಡ. ಜನ ಏನು ಮಾಡುತ್ತಾರೆ ಅನ್ನುವುದರಿಂದ ಶುರು ಮಾಡಿ. ಹುಲ್ಲು ಕೊಯ್ದು ಬಣವೆ ಹಾಕುತ್ತಾರೆ. ಗಾಳಿಗೆ ಮರೆಯಾದ ಕಣಿವೆಯಲ್ಲಿ ಚಳಿಗಾಲದ ಬೀಡು, ಅಲ್ಲಿ ಕೊಟ್ಟಿಗೆ. ಒಣಸಗಣಿಯನ್ನು ಉರುವಲಿಗೂ, ಪ್ರಾಣಿಗಳ ಅಡಿಗೆ ಬೆಚ್ಚಗೆ ಹಾಸಲಿಕ್ಕೂ ಕೂಡಿಡುತ್ತಾರೆ. ಹುಲ್ಲು ಮುಗಿದರೆ ಮಂದೆ ಹೊಡೆದುಕೊಂಡು ದೂರದ ಮೇವಿಗೆ ಹೊರಡುತ್ತಾರೆ. ತೀರಾ ಎಳೆಯ ಕರುಮರಿಗಳನ್ನು ಗೆರ್ ಒಳಗೇ ಒಲೆಯ ಹತ್ತಿರ ಮಲಗಿಸಿಕೊಳ್ಳುತ್ತಾರೆ. ನಿಮ್ಮ ಮಗ "ಒಳಗೆ ಯಾರಿದ್ದಾರೆ" ಅಂದನಲ್ಲ, ಮರಿಗಳೂ ಇರುತ್ತವೆ ಅನ್ನಿ.

ಆಮೇಲೆ "ಕೆಲವು ವರ್ಷ ಇಷ್ಟು ಮಾಡಿದರೂ ಸಾಕಾಗುವುದಿಲ್ಲ, ಬಹಳ ಪ್ರಾಣಿಗಳು ಸಾಯುತ್ತವೆ, ಮನೆಯವರಿಗೆ ತುಂಬಾ ದುಃಖವಾಗುತ್ತದೆ" ಎಂದು ನೇರವಾಗಿ ಹೇಳಿ ನಿಲ್ಲಿಸಿ. ನಾಲ್ಕರವನು ಅಷ್ಟನ್ನು ತಾಳಿಕೊಳ್ಳುತ್ತಾನೆ. ದೊಡ್ಡವಳು ಮುಂದೆ ಕೇಳಿದರೆ ನಗರಕ್ಕೆ ಹೋದವರ ವಿಷಯ ಹೇಳಬಹುದು.

ಹಳೆಮೇಷ್ಟ್ರು

ಇದರ ಜೊತೆಗೆ ಒಂಟೆಯ ಹಾಡಿನ ಕತೆಯನ್ನೂ ಹೇಳಮ್ಮ. ಗೋಬಿಯಲ್ಲಿ ತಾಯಿ ಒಂಟೆ ಮರಿಯನ್ನು ಹತ್ತಿರ ಸೇರಿಸದೆ ಹೋದರೆ, ಅಥವಾ ತಾಯಿ ಸತ್ತ ಮರಿಯನ್ನು ಬೇರೆ ಒಂಟೆಗೆ ಒಪ್ಪಿಸಬೇಕಾದರೆ, ಪಕ್ಕದಲ್ಲಿ ನಿಂತು ಮೃದುವಾಗಿ ಒಂದೇ ಧಾಟಿಯನ್ನು ಮತ್ತೆ ಮತ್ತೆ ಹಾಡುತ್ತಾರೆ. ಮೊರಿನ್ ಖೂರ್ ನುಡಿಸುತ್ತಾರೆ, ಎರಡು ತಂತಿಯ ವಾದ್ಯ, ತಂತಿ ಕುದುರೆಯ ಬಾಲದ ಕೂದಲಿನದು, ತುದಿಯಲ್ಲಿ ಕೆತ್ತಿದ ಕುದುರೆಯ ತಲೆ. ಎಷ್ಟೋ ಹೊತ್ತಿನ ಮೇಲೆ ಒಂಟೆ ಮರಿಗೆ ಹಾಲು ಕೊಡುತ್ತದೆ. ಪದ್ಧತಿ ಬಲ್ಲವರು ಕಡಿಮೆಯಾಗುತ್ತಿದ್ದಾರೆ ಎಂದು 2015ರಲ್ಲಿ ಯುನೆಸ್ಕೊ ಇದನ್ನು ತುರ್ತಾಗಿ ಉಳಿಸಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಅದರ ಧ್ವನಿಮುದ್ರಣ ಸಿಗುತ್ತದೆ, ಚಿತ್ರ ತೋರಿಸದೆ ಮೊದಲು ಕೇಳಿಸು. ಯಾರಿಗಾಗಿ ಹಾಡುತ್ತಿದ್ದಾರೆ ಅಂತ ಮಕ್ಕಳೇ ಊಹಿಸಲಿ.

ಮಕ್ಕಳ ಮನಸ್ಸು ಜುಡ್‌ನಲ್ಲೇ ನಿಂತುಹೋದರೆ ತಾಖಿ ಎಂಬ ಕಾಡುಕುದುರೆಯ ಕಡೆ ಹೊರಳಿಸು. ಪ್ರಜೆವಾಲ್ಸ್ಕಿ ಕುದುರೆ ಎಂದೂ ಕರೆಯುತ್ತಾರೆ. 1960ರ ದಶಕದ ಕೊನೆಗೆ ಕಾಡಿನಿಂದ ಪೂರ್ತಿ ಮರೆಯಾಗಿ, ಬೇರೆ ದೇಶಗಳ ಮೃಗಾಲಯಗಳಲ್ಲಿ ಮಾತ್ರ ಉಳಿದಿತ್ತು. ಅಲ್ಲಿ ಬೆಳೆಸಿ 1992ರಲ್ಲಿ ಮಂಗೋಲಿಯಾಕ್ಕೆ ಮರಳಿ ತಂದರು. ಈಗ ಹುಸ್ತಾಯ್ ರಾಷ್ಟ್ರೀಯ ಉದ್ಯಾನದಲ್ಲಿ ಸ್ವತಂತ್ರವಾಗಿ ಮೇಯುತ್ತವೆ. ಅಷ್ಟು ದೂರದಿಂದ ಕುದುರೆಯನ್ನು ತಂದದ್ದು ಹೇಗೆ ಅಂತ ಮಗಳು ಕೇಳಿಯೇ ಕೇಳುತ್ತಾಳೆ. ವಿಮಾನದಲ್ಲಿ, ಪೆಟ್ಟಿಗೆಯೊಳಗೆ ನಿಲ್ಲಿಸಿಕೊಂಡು ತಂದರು ಅಂತ ಹೇಳು. ಮುಂದಿನ ವಾರಕ್ಕೆ ಅದೇ ಸಾಕಾಗುತ್ತದೆ.